ಊದಿದ್ದೆಲ್ಲ ಹೊಟ್ಟಲ್ಲ

ಶೇಂಗಾ ಪರೀಕ್ಷೆ ಮಾಡುವವಳ ಬಾಳಿನಲ್ಲಿ ನಗುವಿಗೆ ಬರವಿಲ್ಲ; ಮುಖ ಗಂಟಿಕ್ಕಿಕೊಂಡು ಕೂತರೂ ಹುಡುಕಿಕೊಂಡು ಬರುತ್ತದೆ. ಚಿತ್ರದುರ್ಗದ ನಮ್ಮ ಲ್ಯಾಬಿನಲ್ಲೊಂದು ಕ್ರೊಮ್ಯಾಟೊಗ್ರಫಿ ಯಂತ್ರವಿದೆ. ಬೀಜದ ಸಾರವನ್ನು ಸಣ್ಣ ಕೊಳವೆಯಲ್ಲಿ ಹರಿಸಿದರೆ, ದೇಹಕ್ಕೆ ಒಳ್ಳೆಯದಾದ ಅಂಶಗಳನ್ನು ಬೇರೆಬೇರೆ ಮಾಡಿ ಅಳೆದು ಕೊಡುತ್ತದೆ. ಶೇಂಗಾಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ, ಬೇರೆ ಊರಿಗೆ ಸಾಗಿಸಿ ಎಂದು ಮೇಲಿನ ಸಾಹೇಬರು ಹಟ ಹಿಡಿದಿದ್ದರು. ಸಾಗಿಸಲು ಬಿಡುವುದಿಲ್ಲ ಎಂದು ನಾನೂ ಹಟ ಹಿಡಿದೆ.

೧. ಗಟ್ಟಿ ಕಾಲಂ

ಆ ಕೊಳವೆಗೆ ನಮ್ಮಲ್ಲಿ ಕಾಲಂ ಅನ್ನುತ್ತೇವೆ. ಕಾಲಂ ಕೆಟ್ಟಿದೆ, ತುರ್ತಾಗಿ ಬದಲಿಸಿ ಎಂದು ಕಚೇರಿಗೆ ಹೇಳಿಕಳಿಸಿದೆ. ಮಾರನೇ ದಿನ ಕಟ್ಟಡದ ಎಂಜಿನಿಯರ್ ಸುತ್ತಿಗೆ ಹಿಡಿದು ಬಂದು, ಲ್ಯಾಬಿನ ಕಂಬಗಳನ್ನೆಲ್ಲ ಬಡಿದು ನೋಡಿದರು.

"ಎಲ್ಲಾ ಗಟ್ಟಿಯಾಗೇ ಅವಲ್ರಿ ಮೇಡಂ."

ನಾನು ಗೇಣುದ್ದದ ಕೊಳವೆ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಮೇಲೆ ಏನ್ ನಿಂತೈತ್ರಿ?" ಎಂದರು.

"ನನ್ನ ನೌಕರಿ" ಅಂದೆ.

೨. ಮತ್ತೋಡಿನ ಮರ್ಯಾದೆ

ಬೀಜದ ಕೆಂಪು ಸಿಪ್ಪೆಯಲ್ಲೇ ಒಳ್ಳೆಯ ಅಂಶ ಹೆಚ್ಚಿದೆ ಎಂದು ತೋರಿಸಿ ಸಾಹೇಬರ ಬಾಯಿ ಮುಚ್ಚಿಸಬೇಕಿತ್ತು. ಮತ್ತೋಡಿನ ರೈತರೊಬ್ಬರಿಗೆ ಸ್ವಲ್ಪ ಶೇಂಗಾ ಸ್ಯಾಂಪಲ್ ತನ್ನಿ ಎಂದಿದ್ದೆ. ತಂದರು: ಹದವಾಗಿ ಹುರಿದು, ಉಜ್ಜಿ, ಒಂದು ಸಿಪ್ಪೆಯೂ ಉಳಿಯದ ಹಾಗೆ ಊದಿದ ಬೀಜ. ಜೊತೆಗೆ ಒಂದು ಅಚ್ಚು ಬೆಲ್ಲ.

"ಸಿಪ್ಪೆ ಸಮೇತ ಕೊಟ್ರೆ ಮೇಡಂ ಏನಂದ್ಕಂತಾರೋ ಅಂತ ನಮ್ಮನೆಯಾಕೆ ಕುಂತು ಊದಿದ್ಳು ಕಣ್ರಿ."

ಚೆನ್ನಾಗಿ ಬೈಯಬೇಕು ಅನ್ನಿಸಿತು. ಆದರೆ ಬಾಯಿ ತುಂಬ ಸ್ಯಾಂಪಲ್ ಇತ್ತು.

೩. ಫ್ಯಾನ್

ಆಮೇಲೆ ನಾನೇ ಹೊಲಕ್ಕೆ ಹೋಗಿ ಶೇಂಗಾ ತಂದು ಯಂತ್ರಕ್ಕೆ ಹಾಕಿದೆ. ಅಂದುಕೊಂಡಂತೇ ಬಂತು ಫಲಿತಾಂಶ. ಅದನ್ನು ಕೇಳುವ ಮೊದಲೇ ಸಾಹೇಬರು ಯಂತ್ರ ಸಾಗಿಸಲು ಬಂದಿಳಿದರು. ಮೇಜಿನ ಮೇಲೆ ಹುರಿದ ಶೇಂಗಾ ಇಟ್ಟೆವು. ಅವರು ಒಂದು ಹಿಡಿ ತಗೊಂಡು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿ, ಬಾಯಿಗೆ ಹಾಕಿಕೊಳ್ಳುತ್ತ ನನಗೆ ಬುದ್ಧಿ ಹೇಳಿದರು. ಮತ್ತೊಂದು ಹಿಡಿ, ಮತ್ತೊಂದು ಉಫ್.

"ಇಷ್ಟು ದಿನ ಅಳೆದು ಏನ್ ಸಿಕ್ತಮ್ಮ ನಿನಗೆ?"

ನನಗೆ ರೇಗಿಹೋಯಿತು. "ಸಿಕ್ಕೈತೆ ಸಾರ್. ನೀವು ಆಗ್ಲಿಂದ ಊದ್ತಾ ಇರೋದು ಅದನ್ನೇ. ಯಂತ್ರ ಹೋದ್ರೆ ಇದನ್ನ ನಿಮಗೆ ಹೇಳೋರು ಯಾರು?"

ಸಾಹೇಬರ ಕೈ ಬಾಯಿಯ ಹತ್ತಿರವೇ ನಿಂತಿತು. ಕೆಂಪು ಸಿಪ್ಪೆ ಕೋಣೆಯ ತುಂಬ ಹಾರಾಡುತ್ತಿತ್ತು. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲಲ್ಲಿದ್ದ ಜವಾನನ ಕಡೆ ತಿರುಗಿದರು.

"ಯಂತ್ರ ಇಲ್ಲೇ ಇರ್ಲಿ. ನೀನು ಮೊದ್ಲು ಆ ಫ್ಯಾನ್ ಆಫ್ ಮಾಡಪ್ಪ."