ಮಾವನ ಹೊಟ್ಟೆನೋವಿನ ಪ್ರಥಮ ಪ್ರಯೋಗ

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತ ದಾಖಲೆ ಇಲ್ಲ. ಪರವೋ ವಿರೋಧವೋ, ಚೀಟಿಯಲ್ಲಿ ಯಾವ ಪಕ್ಷ ಬಂದರೂ ಗೆದ್ದೇ ವೇದಿಕೆ ಇಳಿದವಳು. ಹಾಗಾಗಿ ಮೆಡಿಕಲ್ ಓದಲು ಕಾರವಾರಕ್ಕೆ ಬಂದು, ವಾರ್ಡಿನಲ್ಲಿ ಕಲಿಯುವ ವರ್ಷಗಳು ಶುರುವಾದ ಕೂಡಲೇ, ಆ ಕಲಿಕೆಯ ಪದ್ಧತಿಯನ್ನು ತಿದ್ದಿ ಸರಿಪಡಿಸುವ ಹೊಣೆ ನನ್ನದೇ ಎಂದು ತೀರ್ಮಾನಿಸಿಬಿಟ್ಟೆ.

ವ್ಯವಸ್ಥೆಯೂ ತಿದ್ದುವ ಹಾಗೆಯೇ ಇತ್ತು. ಒಂದು ಮಂಚ, ಒಬ್ಬ ರೋಗಿ, ಸುತ್ತ ಹನ್ನೆರಡು ಜನ ನಾವು. ಮುಂದೆ ನಿಂತವನು ಹೊಟ್ಟೆ ಒತ್ತಿ ನೋಡುತ್ತಾನೆ. ಹಿಂದೆ ನಿಂತವರು ಅವನ ಬೆನ್ನು ನೋಡುತ್ತೇವೆ. ಇಷ್ಟು ದಿನದಲ್ಲಿ ನಾನು ಆಳವಾಗಿ ಅಧ್ಯಯನ ಮಾಡಿದ ಅಂಗ ಯಾವುದೆಂದರೆ, ಸಹಪಾಠಿ ಪ್ರಶಾಂತನ ಅಂಗಿಯ ಕಾಲರು! ರೋಗಿಯ ಗತಿ ಇನ್ನೂ ಕಷ್ಟ. ನೋಯುವ ಹೊಟ್ಟೆಯನ್ನು ಸಾಲಾಗಿ ಎಲ್ಲರಿಂದಲೂ ಒತ್ತಿಸಿಕೊಳ್ಳಬೇಕು.

ನನ್ನ ಯೋಜನೆ ಸರಳವಾಗಿತ್ತು. ನಾವು ಮೊದಲು ನಟರ ಮೇಲೆ ಕಲಿಯಬೇಕು. ನಟ ರೋಗಿಯಂತೆ ನರಳಬೇಕು, ನಾವು ವಿಚಾರಿಸಿ ಪರೀಕ್ಷಿಸಬೇಕು, ಕೊನೆಗೆ ಆ ನಟನೇ ನಮಗೆ ಅಂಕ ಕೊಡಬೇಕು. ನಿಜವಾದ ರೋಗಿಯನ್ನು ಮುಟ್ಟುವುದು ಆಮೇಲೆ.

ಸರ್ಜರಿ ವಿಭಾಗದ ಮುಖ್ಯಸ್ಥೆ, ಅಂದರೆ ನಾವೆಲ್ಲ ಬರೀ ‘ಮೇಡಂ’ ಎಂದು ಕರೆಯುವಷ್ಟಕ್ಕೇ ಬೆವರುತ್ತಿದ್ದ ಆ ಮೇಡಂ, ಶಾಂತವಾಗಿ ಕೇಳಿಸಿಕೊಂಡರು.

“ನಟನೆ ನಟನೆ ಥರಾನೇ ಕಂಡ್ರೆ ನೀವು ಕಲಿಯೋದೇನು?”

“ಒಳ್ಳೆ ನಟನಾದ್ರೆ ಗೊತ್ತಾಗೋದು ಸಾಧ್ಯವೇ ಇಲ್ಲ, ಮೇಡಂ!”

“ಸರಿ. ಬುಧವಾರ ಮಾಡಿ ತೋರಿಸು. ಚೆನ್ನಾಗಿದ್ರೆ ಮುಂದಿನ ಬ್ಯಾಚಿಗೆ ಜಾರಿ ಮಾಡೋಣ. ಇಲ್ಲಾಂದ್ರೆ ಈ ವಿಷಯ ಇನ್ನೆಂದೂ ಎತ್ತಬಾರದು.”

ನಟ ನಮ್ಮ ಬಳಗದಲ್ಲೇ ಇದ್ದರು. ಅಂಕೋಲಾದ ಮಾವ, ಅಪ್ಪನ ತಂಗಿಯ ಗಂಡ. ಹೊಟ್ಟೆಪಾಡಿಗೆ ಗೇರು ವ್ಯಾಪಾರ. ಆದರೆ ಊರು ಅವರನ್ನು ಗುರುತಿಸುವುದು ನಾಟಕದಲ್ಲಿ ಸಾಯುವುದಕ್ಕೆ. ಒಮ್ಮೆ ಸಾಯುವ ದೃಶ್ಯಕ್ಕೆ ಒನ್ಸ್ ಮೋರ್ ಬಿದ್ದು, ಎದ್ದು ಕೈಮುಗಿದು, ಮತ್ತೊಮ್ಮೆ ಸತ್ತರು!

ಫೋನಿನಲ್ಲೇ ಪಾತ್ರ ವಿವರಿಸಿದೆ. “ಬಲಗಡೆ ಕಿಬ್ಬೊಟ್ಟೆ ನೋವು ಮಾವ. ಎರಡು ದಿನದಿಂದ ಊಟ ಇಲ್ಲ, ಬರೀ ವಾಂತಿ. ಏನೇ ಆದ್ರೂ ಪಾತ್ರ ಬಿಡ್ಬೇಡಿ. ನನ್ನ ಗುರ್ತೂ ಹಿಡೀಬೇಡಿ.”

“ಪಾತ್ರ ಬಿಡೂದಾ? ಎಂತ ಮಾತಾಡ್ತೀಯೇ ತಂಗೀ! ಪರದೆ ಬೀಳೂವರೆಗೆ ನಾನು ನಾನಲ್ಲ. ಸೀನು, ಸಾಮಾನು ಎಲ್ಲ ನಿಂದೇ ಅಲ್ದಾ?”

“ಎಲ್ಲ ನಂದೇ!”

ನನ್ನನ್ನು ಮುಳುಗಿಸಿದ್ದು ಈ ಎರಡು ಪದಗಳು.

ಮುಂದಿನದು ನನಗೆ ತಿಳಿದದ್ದು ಆಮೇಲೆ. ಬುಧವಾರ ಕಾರವಾರದ ಬಸ್ಸು ಹತ್ತಿದ ಮಾವ, ತೋಡೂರು ಸಮೀಪಿಸುತ್ತಿದ್ದಂತೆ ಒಂದು ಸಣ್ಣ ತಾಲೀಮು ಮಾಡಿಕೊಂಡರಂತೆ. ಸಣ್ಣದೇ, ಒಂದೆರಡು ನರಳಾಟ. ಪಕ್ಕದ ಹೆಂಗಸು ಕೂಗಿಕೊಂಡಳು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ ಆಂಬುಲೆನ್ಸಿಗೆ ಫೋನು ಮಾಡಿದ. ಆಂಬುಲೆನ್ಸ್ ಬಂದಾಗ ಮಾವನ ಕಣ್ಣಲ್ಲಿ ನೀರು ಬಂತಂತೆ, ನನ್ನ ಮೇಲಿನ ಅಭಿಮಾನದಿಂದ! ‘ಎಂಥಾ ಸೊಸೆ! ಪಾತ್ರಧಾರಿಗೆ ಗಾಡಿ ಕಳಿಸಿದ್ದಾಳೆ!’ ಇನ್ನು ಪಾತ್ರ ಬಿಡುವುದುಂಟೇ?

ಇತ್ತ ಕಾಲೇಜಿನಲ್ಲಿ ನಾನು ಖಾಲಿ ಮಂಚದ ಪಕ್ಕ ನಿಂತು, ನಟ ಬರುವವರೆಗೆ ಸಭೆಯನ್ನು ಭಾಷಣದಿಂದ ಹಿಡಿದಿಟ್ಟಿದ್ದೆ. ಅಷ್ಟರಲ್ಲಿ ಮೇಡಂ ಫೋನು ರಿಂಗಾಯಿತು.

“ಅಂಕೋಲಾ ಬಸ್ಸಿಂದ ಹೊಟ್ಟೆನೋವಿನ ಕೇಸ್ ಬಂದಿದೆ. ನಟ ಬರೋದ್ರೊಳಗೆ ನಿಜವಾದ ರೋಗೀನ ನೋಡ್ಕೊಂಡು ಬರೋಣ, ಬನ್ನಿ.”

“ನೋಡು, ಹಳೇ ಪದ್ಧತಿಯ ದೋಷವೇ ಇದು, ನೋವಿರೋ ರೋಗಿ ಮೇಲೇ ಮುಗಿಬೀಳೋದು,” ಎಂದು ಮೆಟ್ಟಿಲುದ್ದಕ್ಕೂ ಪ್ರಶಾಂತನ ಕಿವಿ ಕೊರೆದೆ.

ತುರ್ತು ಚಿಕಿತ್ಸಾ ಘಟಕದ ಮಂಚದ ಮೇಲೆ ಮಾವ! ಕೈಗೆ ಸಲೈನು, ಹಣೆಯಲ್ಲಿ ಬೆವರು. ನನ್ನನ್ನು ನೋಡಿ, ಯಾರಿಗೂ ಕಾಣದಂತೆ ಒಂದು ಹುಬ್ಬು ಹಾರಿಸಿದರು. ‘ಭೇಷ್’ ಎಂಬಂತೆ.

ನಾನು ಪ್ರಶಾಂತನ ಕಾಲರಿನ ಹಿಂದೆ ಸರಿದು ನಿಂತೆ. ಗೆಳೆಯರು ಒಬ್ಬೊಬ್ಬರಾಗಿ ಹೊಟ್ಟೆ ಪರೀಕ್ಷಿಸಿದರು. ಒಬ್ಬೊಬ್ಬರಿಗೂ ಹೊಸದೊಂದು ಆರ್ತನಾದ. ಕೊನೆಗೆ ಮೇಡಂ ಕೈಯಿಟ್ಟು ನೋಡಿದರು, ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಮುಖ ಗಂಟಿಕ್ಕಿದರು.

“ಸ್ಕ್ಯಾನ್ ಮಾಡಿಸೋಣ. ಅಗತ್ಯ ಬಿದ್ರೆ ಇವತ್ತೇ ಆಪರೇಷನ್.”

“ಕುಯ್ಯಿ ತಾಯೀ, ಕುಯ್ಯಿ!” ಮಾವ ಎದೆಗೆ ಕೈಯಿಟ್ಟರು. “ಈ ಬೇನೆಗಿಂತ ನಿನ್ನ ಕತ್ತಿಯೇ ಮೇಲು!”

ಪಕ್ಕದ ಮಂಚದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮೇಡಂ, ಇವರಿಗೆ ಏನೂ ಆಗಿಲ್ಲ!” ನಾನು ಕಿರುಚಿದೆ. “ಇವರೇ ನಟ! ನಮ್ಮ ಮಾವ!”

“ಯಾರಮ್ಮಾ ಈ ಹುಡುಗಿ?” ಮಾವ ಕ್ಷೀಣಸ್ವರದಲ್ಲಿ ಕೇಳಿದರು. “ಪಾಪ, ಗಾಬರಿಯಾದಂಗೆ ಕಾಣ್ತದೆ.”

ಪ್ರಶಾಂತ ನಕ್ಕ. “ನಟ ಅಂತ ಗೊತ್ತಾಗೋದು ಸಾಧ್ಯವೇ ಇಲ್ಲ ಅಂತ ನೀನೇ ಅಂದಿದ್ದೆ ಅಲ್ವಾ?”

ನನ್ನ ವಾದದ ವಿರುದ್ಧ ನಾನೇ ವಾದಿಸಬೇಕಾಗಿ ಬಂದದ್ದು ಅದೇ ಮೊದಲು. ಎದುರಾಳಿ ಬಹಳ ಗಟ್ಟಿಯಾಗಿ ಮಾತಾಡಿಟ್ಟಿದ್ದಳು!

“ಮಾವ, ಸಾಕು! ಪರದೆ ಬಿತ್ತು!” ಎಂದೆ. ಮಾವ ಬಾಗಿಲ ಕಡೆ ನೋಡಿದರು. ಪರದೆ ಬೀಳಲಿಲ್ಲ, ಸ್ಟ್ರೆಚರ್ ಬಂತು. ಅವರು ಇನ್ನೂ ಜೋರಾಗಿ ನರಳಿದರು.

ಉಳಿದದ್ದು ಒಂದೇ ದಾರಿ. ಅತ್ತೆಗೆ ಫೋನು ಹಚ್ಚಿ, ಮಾವ ಹೇಳುತ್ತಿರುವುದನ್ನು ತಿಳಿಸಿ, ಸ್ಪೀಕರ್ ಒತ್ತಿದೆ.

“ಎರಡು ದಿನದಿಂದ ಊಟ ಇಲ್ಲ ಅಂತ್ರಾ?” ಅತ್ತೆಯ ದನಿ ಇಡೀ ವಾರ್ಡನ್ನು ತುಂಬಿತು. “ಎಲಾ ಇವ್ರ! ಬೆಳಿಗ್ಗೆ ಎಂಟು ದೋಸೆ ತಿಂದ್ಕಂಡು ಹೋದವ್ರು! ಉಪವಾಸ ಕೆಡವಿದೆ ಅಂತ ಕಾರವಾರದ ತುಂಬ ನನ್ನ ಮರ್ಯಾದೆ ತೆಗೀತ್ರಾ?”

ಮಾವ ಸಟ್ಟನೆ ಎದ್ದು ಕುಳಿತರು. “ಎಂಟಲ್ಲ, ಆರು!”

ಎಲ್ಲರ ಮುಖ ನೋಡುತ್ತ ನೋಡುತ್ತ ಮಾವನಿಗೆ ಅರ್ಥವಾಗತೊಡಗಿತು. “ಅಂದ್ರೆ... ಆ ಗಾಡಿ ನೀನು ಕಳಿಸಿದ್ದಲ್ದಾ? ಇವ್ರು ಖರೇನೇ ಕುಯ್ತಿದ್ರಾ?”

“ಇಲ್ಲ,” ಎಂದರು ಮೇಡಂ. “ಕೈಯಲ್ಲಿ ಒತ್ತಿದ್ರೆ ಕಿರುಚ್ತಿದ್ರಿ. ಸ್ಟೆತಸ್ಕೋಪ್ ಇಟ್ಟು ಅದೇ ಜಾಗ ಅದಕ್ಕಿಂತ ಜೋರಾಗಿ ಒತ್ತಿದಾಗ ತೆಪ್ಪಗಿದ್ರಿ. ಆಗ್ಲೇ ಸಂಶಯ ಬಂತು. ಆದ್ರೂ ಸ್ಕ್ಯಾನ್ ನೋಡದೆ ಮನೆಗೆ ಕಳಿಸೋ ಹಾಗಿಲ್ವಲ್ಲ.” ಆಮೇಲೆ ನನ್ನತ್ತ ತಿರುಗಿದರು. “ಆಂಬುಲೆನ್ಸು ನಾಟಕದ ಸಾಮಾನಲ್ಲ. ನಿನ್ನ ನಟನಿಗೆ ಅದನ್ನ ಮೊದಲು ಹೇಳಿಕೊಡು.”

ನನ್ನ ಹೋದ ಜೀವ ಬಂತು. ಮಾವನ ಹೊಟ್ಟೆ ಇಡಿಯಾಗಿ ಉಳಿಯಿತು, ಅತ್ತೆಗೆ ಉತ್ತರ ಕೊಡುವ ಪ್ರಮೇಯ ತಪ್ಪಿತು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಮ್ಮನಿರುವುದನ್ನು ನನಗೆ ಯಾವ ಸ್ಪರ್ಧೆಯೂ ಕಲಿಸಿರಲಿಲ್ಲ.

“ಹಾಗಾದ್ರೆ ನನ್ನ ಯೋಜನೆ, ಮೇಡಂ?”

“ಒಪ್ಪಿದೆ. ಇಷ್ಟು ಚೆನ್ನಾಗಿ ನರಳೋ ರೋಗಿ ನಿಮಗೆ ಎಲ್ಲಿ ಸಿಗ್ಬೇಕು? ಅಂಕ ಕೊಡೋದು ನಟ ಅಲ್ವಾ? ಹೇಳಿ ಯಜಮಾನ್ರೇ, ಯಾರು ಪಾಸು?”

ಮಾವ ನ್ಯಾಯಾಧೀಶರ ಠೀವಿಯಲ್ಲಿ ದಿಂಬಿಗೆ ಒರಗಿದರು. “ಆ ಉದ್ದ ಹುಡ್ಗ ಪಾಸು. ಅಂಗೈ ತಿಕ್ಕಿ ಬೆಚ್ಚಗೆ ಮಾಡ್ಕಂಡು ಮುಟ್ಟಿದ. ಆ ಕನ್ನಡಕದ ಹುಡ್ಗೀನೂ ಪಾಸು. ಹೆಸ್ರು ಕೇಳಿ ಮಾತಾಡ್ಸಿದ್ಲು.”

“ನಾನು, ಮಾವ?”

“ನೀನಾ?” ಮಾವ ನಿಟ್ಟುಸಿರಿಟ್ಟರು. ಈ ಬಾರಿ ನಟನೆಯಲ್ಲ. “ಹತ್ರ ಬರ್ಲಿಲ್ಲ, ಮುಟ್ಲಿಲ್ಲ, ಎಲ್ಲಿ ನೋವು ಅಂತ ಕೇಳ್ಲಿಲ್ಲ. ದೂರ ನಿಂತ್ಕಂಡೇ ‘ಏನೂ ಆಗಿಲ್ಲ’ ಅಂತ ಕೂಗಿದೆ. ಅಂಥಾ ಡಾಕ್ಟ್ರ ಹತ್ರ ಯಾರು ಬರ್ತ್ರೇ ತಂಗೀ? ಫೇಲು!”

ಮೇಡಂ ಆ ತೀರ್ಪನ್ನು ಎತ್ತಿಹಿಡಿದರು. ಹೊಸ ಪದ್ಧತಿ ಮುಂದಿನ ಬ್ಯಾಚಿನಿಂದ ಜಾರಿಗೆ ಬರುತ್ತದೆ. ಅದರ ಮೊದಲ ತರಗತಿಯಲ್ಲಿ ಜೂನಿಯರುಗಳ ನಡುವೆ ಕುಳಿತು, ರೋಗಿಯನ್ನು ಮಾತಾಡಿಸುವುದು ಹೇಗೆಂದು ಕಲಿಯಬೇಕಾದ ಏಕೈಕ ಸೀನಿಯರ್, ಆ ಪದ್ಧತಿಯ ಸಂಸ್ಥಾಪಕಿ!