ಅಕ್ಕನ ಕಣ್ಣು, ನೆಗೆಣ್ಣಿಯ ಹೋಳಿಗಿ

ದವಾಖಾನಿಗೆ ಹೋಗೋದು ಒಬ್ಬರ ಬ್ಯಾನಿ, ಅಲ್ಲಿ ಬಯಲಾಗೋದು ಇನ್ನೊಬ್ಬರ ಬಣ್ಣ. ನಮ್ಮ ಅಫಜಲಪುರ ಕಡಿ ಇಂಥಾದ್ದು ಆಗ್ತಾನೇ ಇರ್ತದ. ಈ ಸಲ ಆದದ್ದು ನಮ್ಮ ಮಗ್ಗಲ ಮನ್ಯಾಗ.

ಅಲ್ಲಿ ಇಬ್ಬರು ನೆಗೆಣ್ಣೇರು, ಅಣ್ಣ-ತಮ್ಮನ ಹೆಂಡರು. ದೊಡ್ಡಾಕಿಗೆ ಇಡೀ ಓಣಿ ಅಕ್ಕ ಅಂತದ. ಸಣ್ಣಾಕಿ ತವರು ಆಳಂದ, ಅದಕ್ಕ ಆಕಿ ಆಳಂದದಾಕಿ. ಅಕ್ಕನ ಎರಡೂ ಕಣ್ಣಿಗೆ ಪೊರಿ ಬಂದು ಮಂಜಾಗಿದ್ದೇ ತಡ, ಬೀಗದ ಕೈ ಗೊಂಚಲು ಆಕಿ ಟೊಂಕದಿಂದ ಆಳಂದದಾಕಿ ಟೊಂಕಕ್ಕ ಜಿಗೀತು. ಕಣ್ಣು ಬಂದ್ರ ಗೊಂಚಲು ತಿರುಗಿ ಹೋಗ್ತದ. ಇದು ಓಣಿಗೆಲ್ಲ ಗೊತ್ತಿತ್ತು, ಆದ್ರ ಬಾಯಿ ಬಿಡೋರಿಲ್ಲ. ನನಗ ದೇವರು ಬಾಯಿ ಕೊಟ್ಟಾನ.

ಇಲಿ ಕಡದ ಸೀರಿ

ಒಂದಿನ ಅಕ್ಕ ಟ್ರಂಕಿನ್ಯಾಗ ಕೈಯಾಡಿಸಿ, "ನನ್ನ ತವರಿನವರು ಉಡಿಸಿದ ಇಳಕಲ್ ಸೀರಿ ಎಲ್ಲಿ ಬೇ?" ಅಂದಳು.

"ಇಲಿ ಕಡದಿತ್ತಕ್ಕ. ಚಿಂದಿ ಚಿಂದಿ ಆಗಿತ್ತು, ಒಗದುಬಿಟ್ಟೆ" ಅಂದಳು ಆಳಂದದಾಕಿ.

ಹೆಪ್ಪಿಗೆ ಮಜ್ಜಿಗಿ ಕೇಳಾಕ ಹೋದ ನಾ ಅಲ್ಲೇ ಕುಂತಿದ್ದೆ. ಟ್ರಂಕಿನ್ಯಾಗಿದ್ದ ಹಳೆ ನೂಲಿನ ಸೀರಿ ಒಂದಕ್ಕೂ ತೂತಿರಲಿಲ್ಲ.

"ಭಾಳ ಶಾಣ್ಯಾ ಇಲಿ ಬಿಡವಾ, ರೇಶ್ಮಿ ಸೆರಗು ನೋಡೇ ಬಾಯಿ ಹಾಕ್ಯಾದ" ಅಂದೆ.

ಅಕ್ಕ ಅಂದೇ ಹಟ ಹಿಡದಳು. "ನಾ ಕಣ್ಣಿನ ಆಪರೇಶನ್ ಮಾಡಿಸ್ಕೋತೇನಿ. ಆ ಇಲಿ ಒಂದ್ಸಲ ನೋಡಬೇಕು."

ಕಟ್ಟಾ ಉಪಾಸ

ಅಕ್ಕನ್ನ ದವಾಖಾನಿಗೆ ನಾನೇ ಕರಕೊಂಡು ಹೋದೆ. ಅಲ್ಲಿನ ಸಿಸ್ಟರ್ ಜೇವರ್ಗಿ ಕಡಿ ಹುಡುಗಿ, ವಯಸ್ಸಾದೋರಿಗೆ ಬಾಯಿ ತುಂಬ ಆಯಿ ಅಂತಾಳ. ರಕ್ತ ನೋಡಿ, "ಆಯಿ, ಸಕ್ಕರಿ ಭಾಳ ಅದ. ಅದು ಇಳದ್ರ ಆಪರೇಶನ್. ಗುಳಗಿ ತಪ್ಪಿಸಬ್ಯಾಡ್ರಿ, ಮುಂದಿನ ಸಲ ಮುಂಜಾನಿ ಏನೂ ತಿನ್ನದ ಬರ್ರಿ" ಅಂದಳು.

ಮುಂದಿನ ಸಲ ಹೋದ್ರ ಸಕ್ಕರಿ ಮತ್ತಷ್ಟು ಏರಿತ್ತು.

"ಏನರೆ ತಿಂದೀರೇನ್ರಿ ಆಯಿ?"

"ರೊಟ್ಟಿ ಮುಟ್ಟಿಲ್ಲ, ಅನ್ನ ಮೂಸಿಲ್ಲ ನಮ್ಮವ್ವ. ಕಟ್ಟಾ ಉಪಾಸ ಅದೇನಿ" ಅಂದಳು ಅಕ್ಕ.

"ಬಾಯಾಗ ಏನೂ ಹಾಕಿಲ್ಲ ಹೌದಿಲ್ಲೋ?"

"ಉಪಾಸಕ್ಕ ಏನ ನಡೀತದ ಅಷ್ಟೇ. ಸಾಬೂದಾಣಿ ಖಿಚಡಿ, ಬಾಳಿಹಣ್ಣು, ಶೇಂಗಾದ ಉಂಡಿ, ಮ್ಯಾಲ ಒಂದು ವಾಟಗಾ ಹಾಲು. ನಮ್ಮ ನೆಗೆಣ್ಣಿ ನಸಿಕಿನ್ಯಾಗ ಎದ್ದು ಮಾಡಿ ಕೊಟ್ಟಾಳ, ಪಾಪ."

ನಮ್ಮ ಉಪಾಸ ಹಂಗೇ ನೋಡ್ರಿ, ಉಣ್ಣೋ ದಿನಕ್ಕಿಂತ ಆ ದಿನಾನೇ ಹೊಟ್ಟಿ ಭಾರ. ಸಿಸ್ಟರ್ ಸೂಜಿ ಕೆಳಗಿಟ್ಟಳು.

"ಆಯಿ, ಮುಂದಿನ ಸಲ ಉಪಾಸ ಮಾಡಬ್ಯಾಡ್ರಿ. ನೀರು ಕುಡದು ಬರೇ ಹಸಕೊಂಡು ಬರ್ರಿ."

ಹೋಳಿಗಿ ಹೋದ ದಾರಿ

ನಸಿಕಿನ್ಯಾಗ ಎದ್ದು ಮಾಡಿ ಕೊಟ್ಟಳಂತ. ಹಬ್ಬಕ್ಕೂ ಗಂಡಗ ಬಿಸಿ ಹೋಳಿಗಿ ಹಾಕಲಾರದಾಕಿ. ನನಗ ವಾಸನಿ ಬಡೀತು. ಅಂದೇ ಅಕ್ಕನ ಹಾಸಿಗಿ ನಮ್ಮ ಮನಿಗೆ ತರಿಸಿದೆ.

ಆಳಂದದಾಕಿ ಬಿಡತಾಳೇನು? ದಿನಾ ಸೆರಗಿನಾಗ ಮುಚ್ಚಿಕೊಂಡು ಹೋಳಿಗಿ ತುಪ್ಪ ತರಾಕ ಹತ್ತಿದಳು. "ಅಕ್ಕನ ಬಾಯಿ ಕೆಟ್ಟಿರ್ತದ ಕಾಕು" ಅಂತ ನನ್ನ ಮುಂದ ಮರಮರ ಮರುಗೋದು ಬ್ಯಾರೆ.

ಮನಿಗೆ ಬಂದ ತಾಟು ತುಂಬಿದ್ದು ತುಂಬಿದಂಗೇ ತಿರುಗಿ ಕಳಸೋದು ನಮ್ಮಲ್ಲಿ ಪದ್ಧತಿ ಅಲ್ಲ. ಅಕ್ಕಗ ವ್ಯಾಳ್ಯಾಕ್ಕ ಗುಳಗಿ, ಜ್ವಾಳದ ರೊಟ್ಟಿ, ಪುಂಡಿಪಲ್ಯ. ಹೋಳಿಗಿ ನಾನೇ ತಿಂದೆ, ಬಂದ ಅನ್ನಕ್ಕ ಅವಮಾನ ಆಗಬಾರದು ಅಂತ.

ಆಮ್ಯಾಲ ದವಾಖಾನಿಗೆ ಹೋದ್ರ ಅಕ್ಕನ ಸಕ್ಕರಿ ಇಳದಿತ್ತು. ಸಿಸ್ಟರ್ ಖುಷಿ ಆಗಿ, "ನಿಮಗೂ ವಯಸ್ಸಾಗ್ಯಾದ, ನಿಮ್ಮದೂ ನೋಡ್ತೇನಿ" ಅಂತ ನನ್ನ ಬೆರಳಿಗೂ ಚುಚ್ಚಿದಳು. ನೋಡಿ ಹುಬ್ಬೇರಿಸಿದಳು.

"ಇವರದು ಇಳೀತು, ನಿಮ್ಮದು ಏರ್ಯಾದಲ್ರಿ ಆಯಿ."

"ದೂರೇನು ಹೋಗಿಲ್ಲ ತಗೋ, ಮಗ್ಗಲ ಮನಿಗೇ ಬಂದಾದ" ಅಂದೆ.

ಪಟ್ಟಿ ಬಿಚ್ಚಿದಾಗ

ಮೊದಲ ಒಂದು ಕಣ್ಣಿನ ಆಪರೇಶನ್ ಆತು. ಮರುದಿನ ಪಟ್ಟಿ ಬಿಚ್ಚೋ ಹೊತ್ತಿಗೆ ಸರಿಯಾಗಿ ಆಳಂದದಾಕಿ ಬಂದಳು. ಬರೋದೇನು, ಕೆಂಪು ಸೆರಗಿನ ಇಳಕಲ್ ಸೀರಿ ಉಟ್ಟು, ಮಂದಿಗೆ ಸೆರಗು ತೋರಿಸ್ಕೋತ ಮಂಚದ ಕಾಲ ಕಡಿ ನಿಂತಳು. ಅಕ್ಕನ ಕಣ್ಣಿನ ಪಟ್ಟಿ ಇನ್ನೂ ಹದಿನೈದು ದಿನ ಬಿಚ್ಚಂಗಿಲ್ಲ ಅಂತ ಆಕಿಗೆ ಯಾರೋ ಹೇಳಿದ್ರಂತ. ಯಾರು ಹೇಳಿದ್ರು ಅಂತ ನನ್ನ ಕೇಳಬ್ಯಾಡ್ರಿ.

ಡಾಕ್ಟರ್ ಸಾಹೇಬ್ರು ಪಟ್ಟಿ ತಗದು, "ತಿಕ್ಕಬ್ಯಾಡ್ರಿ, ನಿಧಾನಕ್ಕ ಕಣ್ಣು ತೆರೀರಿ" ಅಂತ ಬೆರಳು ಹಿಡದರು. "ಎಷ್ಟು ಕಾಣ್ತಾವ್ರಿ?"

ಸಾಹೇಬ್ರು ಬೆರಳು ಇನ್ನಷ್ಟು ಹತ್ತರ ತಂದ್ರು. ಅಕ್ಕ ಬೆರಳು ದಾಟಿ ಮಂಚದ ಕಾಲ ಕಡಿನೇ ನೋಡಾಕತ್ತಿದ್ದಳು. ಆಮ್ಯಾಲ ಸಾವಕಾಶ ಕೈ ಚಾಚಿದಳು.

"ಗೊಂಚಲು ಕೊಡು ಬೇ."

ಆಳಂದದಾಕಿ ಟೊಂಕದಿಂದ ಬೀಗದ ಕೈ ಬಿಚ್ಚೋ ಸಪ್ಪಳ ಇಡೀ ವಾರ್ಡಿಗೆ ಕೇಳಿಸ್ತು. ಅಕ್ಕ ಗೊಂಚಲು ಸಿಗಿಸ್ಕೊಂಡು ನೆಟ್ಟಗ ಕುಂತಳು.

ಪಾಪ, ಸಾಹೇಬ್ರು ಇನ್ನೂ ಬೆರಳು ಹಿಡಕೊಂಡೇ ನಿಂತಿದ್ರು. "ಅಮ್ಮ, ಏನರೆ ಕಾಣ್ತದೇನ್ರಿ?"

"ಎರಡು ಬೆರಳು ಕಾಣ್ತಾವ್ರಿ ಸಾಹೇಬ್ರ" ಅಂದಳು ಅಕ್ಕ. "ಅದರ ಹಿಂದ, ನನ್ನ ಸೀರಿ ಉಟ್ಕೊಂಡು ನಿಂತ ಇಲಿನೂ ಕಾಣ್ತದ."