ಮಗುಚುವ ಬೆಂಚನ್ನು ದುರಸ್ತಿ ಮಾಡದಿರುವ ಬಗ್ಗೆ

ಇಂದ,
ಏಳನೇ ತರಗತಿ ಬಿ ವಿಭಾಗದ ಕ್ಲಾಸ್ ಟೀಚರ್
(ಮಕ್ಕಳ ಬಾಯಲ್ಲಿ ಅಜ್ಜಿ ಮಿಸ್),
ಮಹಡಿಯ ಕೊನೆಯ ಕೋಣೆ.

ಗೆ,
ಮುಖ್ಯೋಪಾಧ್ಯಾಯರು ಹಾಗೂ ಶಿಸ್ತು ಸಮಿತಿಯ ಅಧ್ಯಕ್ಷರು,
ಕೆಳಗಿನ ಮೊದಲ ಕೋಣೆ.

ವಿಷಯ: ದುರಸ್ತಿಗೆಂದು ಒಯ್ದಿದ್ದ ಬೆಂಚನ್ನು ಇದ್ದ ಹಾಗೆಯೇ ಬಿಡುವ ಹಾಗೂ ಒಬ್ಬ ವಿದ್ಯಾರ್ಥಿನಿಯನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ಕುರಿತು.

ಉಲ್ಲೇಖ: 1. "ತಮ್ಮ ತರಗತಿಯಲ್ಲಿ ಶಿಕ್ಷೆಗಳೇ ನಡೆಯದಿರುವುದಕ್ಕೆ ಕಾರಣ ತಿಳಿಸಿ" ಎಂಬ ತಮ್ಮ ನೋಟಿಸು.
2. ಮೆಟ್ಟಿಲ ಮೇಲೆ ತಾವು ನೀಡಿದ ಮೌಖಿಕ ಆದೇಶ: "ಸ್ವಲ್ಪ ಗಟ್ಟಿಯಾಗಿರಿ ಮೇಡಂ, ಇದು ಶಾಲೆ."

ಮಾನ್ಯರೇ,

ಅರ್ಜಿಯಲ್ಲಿ 'ನಾನು' ಎಂದು ಬರೆದರೆ ವಿಷಯ ವೈಯಕ್ತಿಕವಾಗುತ್ತದೆ ಎಂದು ತಾವು ಹಿಂದೊಮ್ಮೆ ಕೆಂಪು ಶಾಯಿಯಲ್ಲಿ ತಿದ್ದಿದ್ದಿರಿ. ಆದ್ದರಿಂದ ಈ ಕೆಳಗೆ ಅರ್ಜಿದಾರಳೆಂಬ ಒಬ್ಬ ವಯಸ್ಸಾದ ಹೆಂಗಸು ಇದ್ದಾಳೆ. ಅವಳ ಸಂಗತಿ ಹೀಗಿದೆ.

1. ಬೆಂಚಿನ ಪೂರ್ವಾಪರ: ಯಾವುದೋ ಕಾಲದಲ್ಲಿ ಶಾಲೆಯ ಬಡಗಿ ಒಂದು ಉದ್ದನೆಯ ಹಲಗೆಗೆ ಗಿಡ್ಡ ಮೇಜಿನ ಕಾಲುಗಳನ್ನು ಜೋಡಿಸಿಬಿಟ್ಟ. ತುದಿಗಳಲ್ಲಿ ಇರಬೇಕಾದ ಕಾಲುಗಳು ನಡುವೆ ಒತ್ತಾಗಿ, ಒಂದಕ್ಕೊಂದು ಗುಟ್ಟು ಹೇಳುವಂತೆ ನಿಂತಿವೆ. ಈ ಕಾರಣದಿಂದ, ತುದಿಯಲ್ಲಿ ಒಬ್ಬರೇ ಕೂತರೆ ಬೆಂಚು ಮಗುಚುತ್ತದೆ. ಇಬ್ಬರು ಎರಡು ತುದಿಗಳಲ್ಲಿ ಒಟ್ಟಿಗೇ ಕೂರಬೇಕು, ಒಟ್ಟಿಗೇ ಏಳಬೇಕು. ಒಬ್ಬರು ಮುನಿಸಿಕೊಂಡು ದಡಕ್ಕನೆ ಎದ್ದರೆ ಇನ್ನೊಬ್ಬರು ನೆಲಕ್ಕೆ. ಎಲ್ಲ ತರಗತಿಗಳೂ ಬೇಡವೆಂದ ಈ ಬೆಂಚನ್ನು ಅರ್ಜಿದಾರಳು ಕೇಳಿ ಪಡೆದಳು.

2. ಅದರ ಬಳಕೆ: ಕಿತ್ತಾಡಿದ ಮಕ್ಕಳನ್ನು ಆ ಬೆಂಚಿನ ಮೇಲೆ ಕೂರಿಸಿ ಏನಾಯಿತು, ಯಾರಿಗೆ ನೋವಾಯಿತು, ಈಗ ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳುವುದು ಈ ತರಗತಿಯ ವಾಡಿಕೆ. ಮೊದಮೊದಲು ಇಬ್ಬರೂ ಮುಖ ಊದಿಸಿಕೊಂಡು ಗೋಡೆ ನೋಡುತ್ತಾರೆ. ಆದರೆ ಊಟದ ಗಂಟೆ ಹೊಡೆದಾಗ "ಏಳೋಣ್ವಾ?" ಎಂದು ಯಾರಾದರೂ ಕೇಳಲೇಬೇಕಲ್ಲ. ಮಾತು ಅಲ್ಲಿಂದ ಶುರುವಾಗುತ್ತದೆ. ಪುಸ್ತಕ ಹರಿದವನು ಗೋಂದು ತರುತ್ತಾನೆ. ಹರಿಸಿಕೊಂಡವನು ಹಾಳೆ ಹಿಡಿದುಕೊಳ್ಳುತ್ತಾನೆ.

3. ಸದರಿ ಕಾರಣದಿಂದ ತಿಂಗಳ ಶಿಕ್ಷಾ ವರದಿಯಲ್ಲಿ ಏಳನೇ ಬಿ ಮುಂದೆ ಸೊನ್ನೆ. ಪಕ್ಕದ ಎ ವಿಭಾಗದಲ್ಲಿ ವ್ಯಾಯಾಮದ ಮೇಷ್ಟ್ರು ಇಡೀ ತರಗತಿಯನ್ನು ದಿನಾ ಶಿಕ್ಷೆಯಾಗಿ ನಿಲ್ಲಿಸುವುದರಿಂದ ಶಿಸ್ತಿನಲ್ಲಿ ಅವರದೇ ಮೊದಲ ಸ್ಥಾನ. ಮಕ್ಕಳು ತಿದ್ದಿಕೊಂಡರೆ ಆ ಸ್ಥಾನ ಕೈತಪ್ಪುತ್ತದೆ ಎಂಬ ಎಚ್ಚರವೂ ಅವರಿಗಿದೆ.

4. ಪ್ರಸ್ತುತ ಪ್ರಕರಣ: ವಸ್ತುಪ್ರದರ್ಶನಕ್ಕೆಂದು ವಿಜ್ಞಾನದ ಮೇಷ್ಟ್ರು ರಜೆಯುದ್ದಕ್ಕೂ ಹೆಂಡತಿಯ ಜೊತೆ ಕೂತು ಕಾಗದದ ಮುದ್ದೆಯಿಂದ ಸೌರವ್ಯೂಹ ಮಾಡಿದ್ದರು. ಬೆಂಕಿಕಡ್ಡಿ ಎಂದು ಎಲ್ಲರೂ ಕರೆಯುವ ಏಳನೇ ಬಿ ಹುಡುಗಿ ಅದನ್ನು ಮಹಡಿಯ ಕಿಟಕಿಯಿಂದ ಕೆಳಕ್ಕೆ ಎಸೆದಳು. ಇದು ನಿಜ. ಮೇಷ್ಟ್ರ ದೂರಿನ ಮೇಲೆ ಸಮಿತಿಯು "ಎಸೆದೆಯೋ ಇಲ್ಲವೋ?" ಎಂದು ಕೇಳಿದಾಗ "ಎಸೆದೆ" ಎಂದಳು. ನಮೂನೆಯಲ್ಲಿ ಮುಂದಿನ ಪ್ರಶ್ನೆ ಇಲ್ಲದ ಕಾರಣ ವಿಚಾರಣೆ ಅಲ್ಲಿಗೆ ಮುಗಿಯಿತು. ಚೂರಾದ ಗ್ರಹಗಳನ್ನು ಶಾಲೆಯ ಆಯಮ್ಮ ಪೊದೆಯಿಂದ ಹೆಕ್ಕಿ, ಮಣ್ಣು ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಳು. ಹಾಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

5. ಅದೇ ದಿನ ವಿಜ್ಞಾನದ ಮೇಷ್ಟ್ರು ಕೆಂಡದಂತಾಗಿ ಏಳನೇ ಬಿಗೆ ನುಗ್ಗಿದರು. ಆಗ ಬೆಂಚಿನ ಒಂದು ತುದಿಯಲ್ಲಿ ಹುಡುಗಿಯೂ ಇನ್ನೊಂದು ತುದಿಯಲ್ಲಿ ಅರ್ಜಿದಾರಳೂ ಕೂತಿದ್ದರು. ಅರ್ಜಿದಾರಳು ಅರ್ಧ ಎದ್ದು, "ಸರ್, ಈ ಕಡೆ ಒಂಚೂರು ಕೂತ್ಕೊಳ್ಳಿ, ಇಲ್ಲಾಂದ್ರೆ ಮಗು ಬೀಳುತ್ತೆ" ಎಂದಳು. ಯಾರ ಮೇಲೆ ಕೋಪಗೊಂಡು ಬಂದಿದ್ದರೋ ಅವಳು ಬೀಳಬಾರದೆಂದು ಆ ಮನುಷ್ಯ ತಟ್ಟನೆ ಕೂತರು. ಇದನ್ನು ಸಮಿತಿಯು ವಿಶೇಷವಾಗಿ ಗಮನಿಸಬೇಕಾಗಿ ಕೋರಿಕೆ.

ಕೂತ ಮೇಲೆ ಏಳುವಂತಿಲ್ಲ. ಕೊನೆಗೆ ಮೇಷ್ಟ್ರೇ ಯಾಕಮ್ಮ ಎಸೆದೆ ಎಂದು ಕೇಳಿದರು.

"ನೀವು ನನ್ನ ದುರ್ಬೀನು ಕಸಕ್ಕೆ ಹಾಕಿದ್ರಿ ಸರ್."

ಪ್ರದರ್ಶನದ ಮೇಜು ಒಪ್ಪ ಮಾಡುವಾಗ ಒಂದು ರಟ್ಟಿನ ಕೊಳವೆಯನ್ನು ಬುಟ್ಟಿಗೆ ಹಾಕಿದ್ದು ಅವರಿಗೆ ನೆನಪಾಯಿತು. "ಅದು ಕಸ ಅಂದ್ಕೊಂಡೆ ಕಣಮ್ಮ" ಎಂದರು.

"ಅದರಲ್ಲಿದ್ದ ಗಾಜು ನಮ್ಮ ತಾತನ ಕನ್ನಡಕದ್ದು. ತಾತ ಈಗ ಇಲ್ಲ."

ಮೇಷ್ಟ್ರು ತಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಹುಡುಗಿ ತನ್ನ ಲಂಗದ ಅಂಚು ನೋಡುತ್ತಾ, ಗುರುಗ್ರಹಕ್ಕೆ ಬಣ್ಣ ಹಚ್ಚಿದ್ದು ಯಾರು ಎಂದು ಕೇಳಿದಳು. ನಮ್ಮನೆಯವರು ಎಂದರು ಮೇಷ್ಟ್ರು. ಅವರ ಹತ್ತಿರವೂ ತಪ್ಪಾಯ್ತು ಅನ್ನಬೇಕಲ್ಲ ಎಂದಳು ಹುಡುಗಿ. ಇಬ್ಬರೂ ಸೇರಿ ಎರಡನ್ನೂ ಮತ್ತೆ ಮಾಡುವುದೆಂದು ತೀರ್ಮಾನವಾಗಿ, "ಏಳೋಣ್ವಾ ಸರ್?" ಎಂದು ಕೇಳಿಕೊಂಡು, ಒಟ್ಟಿಗೇ ಎದ್ದರು.

6. ತದನಂತರ ಮೇಷ್ಟ್ರು ದೂರನ್ನು ಹಿಂಪಡೆಯಲು ಕಚೇರಿಗೆ ಹೋದರು. ದೂರು ಕೊಡಲು ನಮೂನೆ ಇದೆ, ಹಿಂಪಡೆಯಲು ಇಲ್ಲ. ಆದ್ದರಿಂದ ದೂರು ಊರ್ಜಿತದಲ್ಲಿದೆ ಎಂಬ ಉತ್ತರ ಬಂತು. ಅದರ ಮರುದಿನ ತಮ್ಮ ಆದೇಶದಂತೆ ಬೆಂಚೂ ದುರಸ್ತಿಗೆ ಹೋಯಿತು.

7. ಹುಡುಗಿಯ ತಾಯಿಯನ್ನು ಕರೆಸಲಾಯಿತು. ಆಕೆ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವವಳು. ಕೈ ಒರೆಸಿಕೊಳ್ಳುತ್ತಲೇ ಬಂದಳು. "ಬೇಕಾದ್ರೆ ನಾಲ್ಕು ಹೊಡೀರಿ ಸರ್, ಸ್ಕೂಲಿಂದ ಮಾತ್ರ ತೆಗೀಬೇಡಿ" ಎಂದಳು. ಅದಕ್ಕೆ ತಾವು, "ಹೊಡೆಯೋದೆಲ್ಲ ಈಗಿಲ್ಲಮ್ಮ. ನಮ್ಮದು ಮಕ್ಕಳಸ್ನೇಹಿ ಶಾಲೆ. ಅದಕ್ಕೇ ತೆಗೀತಿರೋದು" ಎಂದು ಸಮಾಧಾನದಿಂದ ತಿಳಿಸಿದಿರಿ.

8. ಅಂದಿನಿಂದ ಹುಡುಗಿಯನ್ನು ತಮ್ಮ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರಿಸಲಾಗಿದೆ. ಗುಮಾಸ್ತರು ತಮ್ಮ ಟೇಬಲ್ ಫ್ಯಾನನ್ನು ಯಾರೂ ನೋಡದಾಗ ಅವಳ ಕಡೆ ತಿರುಗಿಸುತ್ತಾರೆ. ಸ್ಟೂಲಿಗೆ ನಾಲ್ಕು ಕಾಲೂ ಸರಿಯಾಗಿವೆ. ಅದರ ಮೇಲೆ ಒಬ್ಬರೇ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ.

9. ಅವಳ ವರ್ಗಾವಣೆ ಪತ್ರ ಸಿದ್ಧವಾಗಿದ್ದು ಸೋಮವಾರ ತಮ್ಮ ಸಹಿ ಬೀಳಲಿದೆ. ವರ್ಷದ ನಡುವೆ ಬೇರೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ. ತಾಯಿ ಅವಳನ್ನು ಒಗೆಯುವ ಕೆಲಸಕ್ಕೆ ಜೊತೆಗೆ ಕರೆದೊಯ್ಯುತ್ತಾಳೆ. ಇದು ಯಾವ ನಮೂನೆಯಲ್ಲೂ ಇಲ್ಲದ ಕಾರಣ ಇಲ್ಲಿ ನಮೂದಿಸಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳು ಕೋರುವುದೇನೆಂದರೆ: ವರ್ಗಾವಣೆ ಪತ್ರಕ್ಕೆ ಸಹಿ ಹಾಕುವುದಾದರೆ ತಾವು ಸದರಿ ಬೆಂಚಿನ ಮೇಲೆ ಕೂತು ಹಾಕಬೇಕು. ಇನ್ನೊಂದು ತುದಿಯಲ್ಲಿ ಹುಡುಗಿ ಕೂರುತ್ತಾಳೆ. ತಮ್ಮ ಘನತೆಯ ತೂಕವನ್ನು ಪರಿಗಣಿಸಿ ತಾವು ಕೊಂಚ ನಡುವಿಗೆ ಸರಿದು ಕೂರುವುದು ಒಳ್ಳೆಯದು. ಪೆನ್ನನ್ನು ಗುಮಾಸ್ತರು ಅಲ್ಲಿಗೇ ತಂದುಕೊಡುತ್ತಾರೆ, ಅವರನ್ನು ಕೇಳಿಯಾಗಿದೆ. ಪೆನ್ನು ಬರುವುದು ಸ್ವಲ್ಪ ತಡವಾಗಬಹುದು ಎಂದೂ ಅವರು ಹೇಳಿದ್ದಾರೆ.

ತಮ್ಮ ವಿಶ್ವಾಸಿ,
ಅಜ್ಜಿ ಮಿಸ್

ಲಗತ್ತುಗಳು:
ಅ. ಕನ್ನಡಕದ ಗಾಜು, ಒಂದು. ಆಯಮ್ಮ ಕಸದ ಬುಟ್ಟಿಯಿಂದ ತೆಗೆದಿಟ್ಟಿದ್ದು. ಗೀರು ಬಿದ್ದಿದೆ, ದಯವಿಟ್ಟು ಮೇಜಿನ ಅಂಚಿನಲ್ಲಿ ಇಡಬಾರದು.
ಆ. ಗುರುಗ್ರಹ. ಒಂದು ಪಕ್ಕ ಮೇಷ್ಟ್ರ ಹೆಂಡತಿ ಬಣ್ಣ ಹಚ್ಚಿದ್ದು, ಇನ್ನೊಂದು ಪಕ್ಕ ಬೆಂಕಿಕಡ್ಡಿ. ಇನ್ನೂ ಒಣಗಿಲ್ಲ.
ಇ. ಬೆಂಚು. ಬಾಗಿಲಲ್ಲಿ ಹಿಡಿಸದ ಕಾರಣ ಹೊರಗೆ ಇಡಲಾಗಿದೆ.

ಪ್ರತಿ: ಬಡಗಿಗೆ. ಇದು ತನ್ನದೇ ಕೈಯ ತಪ್ಪು ಎಂದು ಒಪ್ಪಿಕೊಂಡು, ಸುತ್ತಿಗೆಯನ್ನು ಕೆಳಗಿಟ್ಟು, ಬೆಂಚನ್ನು ತಾನೇ ಹೊತ್ತು ತಂದುಕೊಟ್ಟಿದ್ದಕ್ಕಾಗಿ ವಂದನೆಗಳೊಂದಿಗೆ.

ವಿಶೇಷ ಸೂಚನೆ: ಸಹಿ ಹಾಕಿದರೂ ಹಾಕದಿದ್ದರೂ, ಏಳುವ ಮೊದಲು ಹುಡುಗಿಯನ್ನು ಒಂದು ಮಾತು ಕೇಳಿ ಏಳಬೇಕಾಗಿ ವಿನಂತಿ.